ಕಡಲಿಲ್ಲದ ಊರಿನ ಚಳಿ

ಡಿಸೆಂಬರಿನ ಬೆಳಗ್ಗೆ ಜಯನಗರದಲ್ಲಿ ಮುಖಕ್ಕೆ ತಾಗುವ ಗಾಳಿ ಹಿಂದಿನ ದಿನ ಇದೇ ಹೊತ್ತಿನಲ್ಲಿ ಎಲ್ಲಿತ್ತು ಎಂದು ನಾವು ಕೇಳಿಕೊಳ್ಳುವುದಿಲ್ಲ. ಮಂಕಿ ಕ್ಯಾಪು ಎಳೆದುಕೊಂಡು, ಮಫ್ಲರು ಬಿಗಿದು, "ಈ ಸಲ ಚಳಿ ಜಾಸ್ತಿ ಅಲ್ವಾ" ಎಂದು ಎದುರಾದವರಿಗೆ ಹೇಳಿ ಮುಂದೆ ನಡೆಯುತ್ತೇವೆ. ಅವರೂ ಹೌದೆನ್ನುತ್ತಾರೆ. ಹೋದ ವರ್ಷವೂ ಹೌದೆಂದಿದ್ದರು. ಆ ಗಾಳಿ ಬಹುಪಾಲು ದಿನಗಳಲ್ಲಿ ಮೂಡಣದಿಂದ ಬಂದದ್ದು. ಕೋಲಾರದ ಬಂಡೆಗಳನ್ನು, ಅದಕ್ಕೂ ಮೊದಲು ಪೂರ್ವಘಟ್ಟದ ಇಳಿಜಾರನ್ನು, ಅದಕ್ಕೂ ಮೊದಲು ಮದರಾಸಿನ ದಂಡೆಯನ್ನು ದಾಟಿ ಬಂದದ್ದು. ನಿನ್ನೆ ಅದು ಬಂಗಾಳ ಕೊಲ್ಲಿಯ ನೀರಿನ ಮೇಲಿತ್ತು. ಸಮುದ್ರದ ಮುಖವನ್ನೇ ಕಾಣದ ಈ ಊರಿನ ಚಳಿಗಾಲದಲ್ಲಿ ಸಮುದ್ರದ ಕೈ ಎಷ್ಟಿದೆ ಎಂಬುದು ತಲೆಯೊಳಗೆ ಹೊಕ್ಕ ಮೇಲೆ, ನನ್ನ ಬೆಳಗಿನ ನಡಿಗೆಯ ಯೋಚನೆಗಳು ಲಕ್ಷ್ಮಣರಾವ್ ಪಾರ್ಕಿನ ಬೇಲಿಯೊಳಗೆ ನಿಲ್ಲುತ್ತಿಲ್ಲ.

ಭೂಪಟದ ಮೇಲೆ ಒಂದು ಅಡ್ಡಗೆರೆ ಎಳೆದರೆ ಚೆನ್ನೈ, ಬೆಂಗಳೂರು, ಮಂಗಳೂರು ಮೂರೂ ಹೆಚ್ಚುಕಡಿಮೆ ಅದರ ಮೇಲೆಯೇ ಕೂರುತ್ತವೆ. ಮೂರಕ್ಕೂ 13 ಡಿಗ್ರಿಯ ಆಸುಪಾಸಿನ ಅಕ್ಷಾಂಶ. ಅಂದರೆ ಸೂರ್ಯ ಮೂವರಿಗೂ ಒಂದೇ ಓರೆಯಲ್ಲಿ ಬೀಳುತ್ತಾನೆ, ಹಗಲಿನ ಉದ್ದವೂ ಒಂದೇ. ಎರಡು ಊರುಗಳು ಕಡಲ ದಂಡೆಯಲ್ಲಿವೆ. ನಡುವಿನದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಕಲ್ಲಿನ ಮೇಲಿದೆ. ಗಾಳಿಯಲ್ಲಿ ಒಂದು ಕಿಲೋಮೀಟರ್ ಮೇಲಕ್ಕೆ ಹೋದರೆ ಸರಾಸರಿ ಆರೂವರೆ ಡಿಗ್ರಿ ತಂಪು. ಡಿಸೆಂಬರಿನ ರಾತ್ರಿಗಳಲ್ಲಿ ಚೆನ್ನೈನ ಕನಿಷ್ಠ ತಾಪಮಾನದ ಸರಾಸರಿ ಸುಮಾರು 22 ಡಿಗ್ರಿ, ಬೆಂಗಳೂರಿನದು ಸುಮಾರು 16. ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಯಿತು. "ನಮ್ಮ ಬೆಂಗಳೂರಿನ ಹವೆ" ಎಂದು ನಾವು ಹೊರಗಿನವರ ಮುಂದೆ ಹೇಳಿಕೊಳ್ಳುವ ಹೆಮ್ಮೆಯಲ್ಲಿ ಆರು ಡಿಗ್ರಿ ಈ ಬಂಡೆಯ ಎತ್ತರದ್ದು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು. ಅದನ್ನು ಅಲ್ಲಿ ಇಟ್ಟವರು ನಾವಲ್ಲ. ಮಿಕ್ಕ ಹೆಮ್ಮೆ ಮರಗಳದ್ದು, ಕೆರೆಗಳದ್ದು. ಅವುಗಳ ಲೆಕ್ಕ ತೆಗೆದರೆ ತಲೆ ತಗ್ಗಿಸಬೇಕಾಗುತ್ತದೆ, ಬೆಳಗ್ಗೆಯೇ ಬೇಡ.

ಉತ್ತರದವರಿಗೆ ಗೊತ್ತಿರುವ ಚಳಿ ಬೇರೆ. ಅಲ್ಲಿಗೆ ಮೆಡಿಟರೇನಿಯನ್ ಕಡೆಯಿಂದ ಪಶ್ಚಿಮದ ಕ್ಷೋಭೆಗಳು ಬರುತ್ತವೆ, ಹಿಮಾಲಯಕ್ಕೆ ಹಿಮ ಸುರಿಸುತ್ತವೆ. ಅವು ದಾಟಿಹೋದ ಮೇಲೆ ಬಡಗಣ ಗಾಳಿ ಬಯಲಿಗಿಳಿಯುತ್ತದೆ. ಅದರ ಕೊನೆಯ ಅಲೆ ಬೀದರ್, ಕಲಬುರಗಿ, ವಿಜಯಪುರದವರೆಗೂ ಮುಟ್ಟಿ, ಅಲ್ಲಿ ಬೆಳಗಿನ ಜಾವ ಹತ್ತು ಡಿಗ್ರಿಯ ಕೆಳಕ್ಕೆ ಹೋಗುವುದುಂಟು. ನಮ್ಮವರೆಗೆ ಬರುವ ಹೊತ್ತಿಗೆ ಅದರ ಹಲ್ಲು ಉದುರಿರುತ್ತದೆ. ಸೈಬೀರಿಯದ ನಿಜವಾದ ಚಳಿಯನ್ನಂತೂ ಹಿಮಾಲಯ ಆಚೆಯೇ ತಡೆದು ನಿಲ್ಲಿಸುತ್ತದೆ. ಹಾಗೆ ತಡೆಯುವ ಬೆಟ್ಟಸಾಲು ಅಡ್ಡ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾ ಸಾಕ್ಷಿ. ಉತ್ತರ ಅಮೆರಿಕದ ಬೆಟ್ಟಸಾಲುಗಳು ಬಡಗಿನಿಂದ ತೆಂಕಿಗೆ ಚಾಚಿಕೊಂಡಿವೆ. ಆರ್ಕ್‌ಟಿಕ್ ಕಡೆಯ ತಣ್ಣನೆಯ ಗಾಳಿ ಯಾವ ಅಡ್ಡಿಯೂ ಇಲ್ಲದೆ ತೆಂಗು ಬೆಳೆಯುವ ದಂಡೆಯವರೆಗೆ ಇಳಿದು ಒಂದೇ ರಾತ್ರಿಯಲ್ಲಿ ಊರನ್ನು ನಡುಗಿಸಿಬಿಡುತ್ತದೆ. 2020ರ ಜನವರಿಯಲ್ಲಿ ಮಯಾಮಿಯ ಹವಾಮಾನ ಕಚೇರಿ, ಚಳಿಗೆ ಮರಗಟ್ಟಿದ ಇಗ್ವಾನಾಗಳು ಮರದಿಂದ ಕೆಳಗೆ ಬಿದ್ದಾವು, ನೋಡಿಕೊಳ್ಳಿ ಎಂದು ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ನಮ್ಮ ಪಾರ್ಕಿನ ಓತಿಕ್ಯಾತಗಳಿಗೆ ಅಂಥ ಗಂಡಾಂತರವಿಲ್ಲ. ಬಿಸಿಲೇರುವವರೆಗೆ ಕಲ್ಲಿನ ಮೇಲೆ ಅಲುಗಾಡದೆ ಕೂತಿರುತ್ತವೆ, ಅಷ್ಟೇ.

ನಮ್ಮ ಚಳಿಯಲ್ಲಿ ಎರಡು ಬಗೆ. ಪಾರ್ಕಿನಲ್ಲಿ ಬಹಳ ವರ್ಷ ಸುತ್ತು ಹಾಕಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಮೋಡದ ಚಳಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಪತ್ರಿಕೆಯಲ್ಲಿ ಓದಿದ ಮರುದಿನವೋ ಅದರ ಮರುದಿನವೋ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ. ಜಿಟಿಜಿಟಿ ಹನಿ ಶುರುವಾಗುತ್ತದೆ. ಹಗಲೆಲ್ಲ ಸೂರ್ಯನ ಸುಳಿವಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಮಧ್ಯಾಹ್ನ ಮೂರು ಗಂಟೆಗೂ ಬೆಳಗಿನ ಆರು ಗಂಟೆಗೂ ಹೊರಗಿನ ಬೆಳಕಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಹಗಲು ರಾತ್ರಿಗಳ ನಡುವೆ ಮೂರು ನಾಲ್ಕು ಡಿಗ್ರಿ ಅಂತರ ಉಳಿದರೆ ಹೆಚ್ಚು. ಇನ್ನೊಂದು ಬರಿಯ ಆಕಾಶದ ಚಳಿ. ಕುಸಿತ ಕರಗಿ, ಮೋಡ ಹರಿದು, ಬಡಗಣ ದಿಕ್ಕಿನ ಒಣಗಾಳಿ ಒಳಗೆ ಬಂದಾಗಿನದು. ಹಗಲು ಹೊಳೆಯುವ ಬಿಸಿಲು, ರಾತ್ರಿ ಕಣ್ಣು ಚುಚ್ಚುವಷ್ಟು ನಕ್ಷತ್ರ. ನೆಲ ತಾನು ಹಗಲೆಲ್ಲ ಕೂಡಿಸಿಟ್ಟ ಬಿಸಿಯನ್ನು ತಡೆಯಿಲ್ಲದೆ ಮೇಲಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದ ರಾತ್ರಿ ಊರಿನ ಮೇಲೆ ಕಂಬಳಿ ಹೊದಿಸಿದಂತೆ ಆ ಬಿಸಿ ಒಳಗೇ ಉಳಿಯುತ್ತಿತ್ತು, ಈಗ ಉಳಿಯುವುದಿಲ್ಲ. ಬೆಳಗಿನ ಜಾವ ಹದಿಮೂರಕ್ಕೆ, ಹನ್ನೆರಡಕ್ಕೆ ಇಳಿಯುವುದು ಇಂಥ ರಾತ್ರಿಗಳಲ್ಲಿ. ಮೈಗೆ ಹೆಚ್ಚು ಕಾಡುವುದು ಮಾತ್ರ ಮೊದಲನೆಯ ಬಗೆ. ಅಂಕಿಯಲ್ಲಿ ಅದು ಹೆಚ್ಚು ಬೆಚ್ಚಗಿದ್ದರೂ ಮೂಳೆಯೊಳಕ್ಕೆ ಇಳಿಯುತ್ತದೆ. ಎರಡನೆಯದನ್ನು ಹತ್ತು ನಿಮಿಷದ ಎಳೆಬಿಸಿಲು ಓಡಿಸುತ್ತದೆ.

ಮೋಡದ ಚಳಿಯ ಮೂಲವನ್ನು ಹುಡುಕಿಕೊಂಡು ಹೋದರೆ ಸಿಗುವುದು ಬೆಚ್ಚನೆಯ ನೀರು. ಚಂಡಮಾರುತ ಹುಟ್ಟಬೇಕಾದರೆ ಕಡಲ ಮೇಲ್ಮೈ ಇಪ್ಪತ್ತಾರೂವರೆ ಡಿಗ್ರಿಗಿಂತ ಬಿಸಿಯಾಗಿರಬೇಕು ಎನ್ನುತ್ತಾರೆ. ನವೆಂಬರಿನ ಬಂಗಾಳ ಕೊಲ್ಲಿ ಅದಕ್ಕಿಂತಲೂ ಬಿಸಿ. ಸ್ನಾನಕ್ಕೆ ಹದವಾಗಿರುವ ನೀರಿನಿಂದ ಎದ್ದ ಆವಿ ಮೋಡವಾಗಿ, ಮುನ್ನೂರು ಕಿಲೋಮೀಟರ್ ಒಳನಾಡಿಗೆ ಬಂದು, ನಮ್ಮ ಮೇಲಿನ ಬಿಸಿಲನ್ನು ಮುಚ್ಚಿ ನಮ್ಮನ್ನು ನಡುಗಿಸುತ್ತದೆ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಬಳಿ ದಡ ಸೇರಿತು. ಆ ವಾರಾಂತ್ಯ ಇಲ್ಲಿ ಜೆ.ಪಿ. ನಗರದ ದರ್ಶಿನಿಗಳ ಮುಂದೆ ಜನ ಛತ್ರಿ ಹಿಡಿದು ಬಿಸಿ ಬೋಂಡಕ್ಕೆ ಸಾಲುನಿಂತಿದ್ದರು. "ಊಟಿ ಥರ ಇದೆ" ಎಂದು ಎಲ್ಲರ ಬಾಯಲ್ಲೂ. ನಾನೂ ಹೇಳಿದ್ದೇನೆ. ಎರಡು ವರ್ಷದ ಮೇಲೆ, 2024ರ ನವೆಂಬರ್ 30ರ ರಾತ್ರಿ, ಫೆಂಗಲ್ ಪುದುಚೇರಿಯ ಬಳಿ ದಡ ಮುಟ್ಟಿ ಅಲ್ಲೇ ಗಂಟೆಗಟ್ಟಲೆ ಕದಲದೆ ನಿಂತಿತು. ಒಂದೇ ದಿನದಲ್ಲಿ ಪುದುಚೇರಿಗೆ 48 ಸೆಂಟಿಮೀಟರಿಗೂ ಹೆಚ್ಚು ಮಳೆ. ಮರುದಿನ ಅದರ ಶಕ್ತಿಗುಂದಿದ ಉಳಿಕೆ ಒಳನಾಡಿಗೆ ಸರಿದು, ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಸುಮಾರು 50 ಸೆಂಟಿಮೀಟರ್ ಸುರಿಯಿತು. ಕೃಷ್ಣಗಿರಿ ನಮಗೆ ದೂರದ ಜಿಲ್ಲೆಯಲ್ಲ. ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ ಇಂದಿಗೂ ಕನ್ನಡ ಮಾತಾಡುವ ಮನೆಗಳಿವೆ, ಬಿ.ಟಿ.ಎಂ. ಬಡಾವಣೆಯಿಂದ ಹೊಸೂರು ರಸ್ತೆ ಹಿಡಿದರೆ ನೇರ ಅಲ್ಲಿಗೇ ಹೋಗುತ್ತದೆ. ಆ ಎರಡು ಮೂರು ದಿನ ನಮಗೆ ಬಂದದ್ದು ಜಿಟಿಜಿಟಿ ಹನಿ, ಹೊದ್ದು ಮಲಗುವ ಸುಖ.

ಇದರಲ್ಲಿ ನಮ್ಮ ತಪ್ಪೇನಿಲ್ಲ. ಮಳೆ ಎಲ್ಲಿ ಸುರಿಯಬೇಕೆಂದು ನಾವು ಹೇಳಿಲ್ಲ. ಪೂರ್ವದ ಇಳಿಜಾರಿಗೆ ತಾಗಿದಾಗ ಮೋಡ ತನ್ನ ಭಾರವನ್ನೆಲ್ಲ ಅಲ್ಲಿ ಇಳಿಸಿ, ಮೇಲೆ ಹತ್ತಿದ ನಮಗೆ ಉಳಿದದ್ದನ್ನು ತರುತ್ತದೆ, ಅಷ್ಟೇ. ಚೆನ್ನೈಗೆ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಬಂದುಬಿಡುತ್ತದೆ. ಬೆಂಗಳೂರಿನ ಡಿಸೆಂಬರಿಗೆ ಸರಾಸರಿ ಎರಡು ಸೆಂಟಿಮೀಟರ್ ಕೂಡ ಇಲ್ಲ. ಆದರೂ ಒಂದು ಸಂಗತಿ ಕಾಡುತ್ತದೆ. ನನಗೆ ಹಿತವಾಗಿರುವ ಈ ಚಳಿ ಇನ್ನೊಬ್ಬರ ಮನೆಯೊಳಗೆ ನೀರು ನಿಂತ ದಿನದ ಅಂಚು. ಅದೇ ಬಿರುಗಾಳಿಯ ಸೆರಗು. ಸುಖಪಡುವುದನ್ನು ಇದರಿಂದ ಬಿಡಲಾಗುವುದಿಲ್ಲ. ಬಿಡಬೇಕು ಎಂದೂ ನನಗನ್ನಿಸುವುದಿಲ್ಲ, ಮೈಗೆ ಹಿತವಾದದ್ದು ಹಿತವೇ. ಆದರೆ ಆ ಹಿತ ಯಾವ ದಾರಿಯಲ್ಲಿ ಬಂತು ಎಂದು ತಿಳಿದುಕೊಂಡು ಪಡುವ ಸುಖಕ್ಕೂ ತಿಳಿಯದೆ ಪಡುವ ಸುಖಕ್ಕೂ ನಡುವೆ ಏನೋ ಅಂತರವಿದೆ. ಏನೆಂದು ಬಿಡಿಸಿ ಹೇಳಲು ಹೋದರೆ ಕೈಗೆ ಸಿಗುವುದಿಲ್ಲ.

ನಾಲ್ಕನೇ ಬ್ಲಾಕಿನ ಮಾರುಕಟ್ಟೆಯ ಹೊರಗೆ ಗೋಣಿಚೀಲ ಹಾಸಿಕೊಂಡು ಅವರೆಕಾಯಿ ಮಾರುವ ಅಜ್ಜಿಯೊಬ್ಬರಿದ್ದಾರೆ, ಕನಕಪುರದ ಕಡೆಯವರು. ಇಂಥದೇ ಒಂದು ಮೋಡದ ಬೆಳಗ್ಗೆ ಒಂದು ಕಾಯಿ ಎತ್ತಿ ಮೂಸಿ, "ಏನಜ್ಜಿ, ಸೊಗಡೇ ಇಲ್ವಲ್ಲ?" ಎಂದೆ.

"ಇಬ್ಬನಿ ಎಲ್ಲೈತೆ ಕಣವ್ವಾ ಸೊಗಡು ಬರಕ್ಕೆ? ಮೋಡ ಮುಚ್ಕೊಂಡು ಕುಂತೈತೆ. ಅವರೆ ಹಾಳಾಗ್ಲಿ ಬುಡು. ರಾಗಿ ಕುಯ್ದು ಹೊಲದಲ್ಲೇ ಬುಟ್ಟಿದೀವಿ, ನಂಗೆ ಅದ್ರದ್ದೇ ಚಿಂತೆ."

ಅಜ್ಜಿಯ ಮಾತಿನಲ್ಲಿ ಹವಾಮಾನ ಶಾಸ್ತ್ರ ಪೂರ್ತಿ ಇದೆ. ಮೋಡವಿದ್ದರೆ ನೆಲದ ಬಿಸಿ ಆರುವುದಿಲ್ಲ. ನೆಲ ಆರದಿದ್ದರೆ ಇಬ್ಬನಿ ಕಟ್ಟುವುದಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಎಂಬುದು ಅವರೆ ಬೆಳೆಯುವವರ, ತಿನ್ನುವವರ ನಂಬಿಕೆ. ರಾಗಿಯ ಮಾತು ಇನ್ನೂ ಗಟ್ಟಿ. ಕುಯ್ದ ರಾಗಿ ಕೆಲವು ದಿನ ಹೊಲದಲ್ಲೇ ಬಿದ್ದು ಒಣಗಬೇಕು. ಆಮೇಲೆ ಕಂತೆ ಕಟ್ಟಿ ಮೆದೆ ಹಾಕುತ್ತಾರೆ. ಆ ಕೆಲವು ದಿನಗಳಲ್ಲಿ ಕೊಲ್ಲಿಯ ಕಡೆಯಿಂದ ಹನಿ ಬಂದು ಕೂತರೆ ತೆನೆಯಲ್ಲೇ ಮೊಳಕೆ ಬರುತ್ತದೆ. ಹುಲ್ಲು ಕಪ್ಪಾಗಿ ದನವೂ ಮೂಸುವುದಿಲ್ಲ. 2021ರ ನವೆಂಬರಿನಲ್ಲಿ ಹಾಗೇ ಆಯಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರು ಗ್ರಾಮಾಂತರ, ರಾಮನಗರದ ಕಡೆಗಳಲ್ಲಿ ಒಂದರ ಹಿಂದೊಂದು ಕುಸಿತ ಬಂದು, ಕಟಾವಿಗೆ ಬಂದ ರಾಗಿ ಹೊಲದಲ್ಲೇ ನೆಲಕ್ಕೆ ಮಲಗಿ ಕೊಳೆಯಿತು. ನಾವು ಬೋಂಡ ತಿನ್ನುತ್ತಿದ್ದ ಹವೆಯಲ್ಲೇ ಮುಂದಿನ ವರ್ಷದ ಮುದ್ದೆಗೆ ಕುತ್ತು ಬಂದಿತ್ತು. ಬನಶಂಕರಿ ದಾಟಿ ಕನಕಪುರ ರಸ್ತೆಯಲ್ಲಿ ಒಂದಿಷ್ಟು ದೂರ ಹೋದರೆ ಸಾಕು, ಹವಾಮಾನ ಎಂಬುದು ಸುಖದ ಮಾತಾಗಿ ಉಳಿಯುವುದಿಲ್ಲ.

ಅವರೆಯ ವಿಷಯ ಬಂತು, ಅದನ್ನು ಅರ್ಧಕ್ಕೆ ಬಿಡಲಾರೆ. ಅವರೆ ಚಳಿಗೆ ಹೂ ಬಿಡುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ನಾಟಿ ಅವರೆ ನೋಡುವುದು ರಾತ್ರಿಯ ಉದ್ದವನ್ನು. ಹಗಲು ಕುಗ್ಗಿ ರಾತ್ರಿ ಹಿಗ್ಗುತ್ತ ಹೋದಾಗ ಅದಕ್ಕೆ ಹೂ ಬಿಡುವ ಹೊತ್ತು ಗೊತ್ತಾಗುತ್ತದೆ. ಮೋಡ ಬರಲಿ, ಬಿಸಿಲು ಬರಲಿ, ಆ ಲೆಕ್ಕ ತಪ್ಪುವುದಿಲ್ಲ. ನಮ್ಮ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಎಂಬ ಹೆಸರಿನಲ್ಲಿ ರಾತ್ರಿಯ ಉದ್ದಕ್ಕೆ ಕಾಯದ ತಳಿಗಳನ್ನು ಬೆಳೆಸಿದ್ದಾರೆ. ಅವು ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ರೈತರಿಗೆ ಅದರಿಂದ ಅನುಕೂಲವಾಗಿದೆ, ದೂರುವಂಥದ್ದೇನಿಲ್ಲ. ಆದರೂ ಮೇ ತಿಂಗಳಲ್ಲಿ ಗಾಡಿಯ ಮೇಲೆ ಅವರೆ ಕಂಡಾಗ ನನ್ನ ಕೈ ಯಾಕೋ ಮುಂದಕ್ಕೆ ಹೋಗುವುದಿಲ್ಲ. ಹಿತಕಿದ ಬೇಳೆ ಸಾರಿಗೆ ಆಕಾಶದ ಒಪ್ಪಿಗೆಯೂ ಬೇಕು ಅನಿಸುತ್ತದೆ. ಇದು ಹಳೇ ತಲೆಮಾರಿನ ಹಟ ಎಂದು ಮನೆಯ ಹುಡುಗರು ನಗುತ್ತಾರೆ.

ರಾತ್ರಿಯ ಉದ್ದ ಎಂದಾಗ ಗವಿಪುರದ ನೆನಪಾಗದೆ ಇರದು. ಮಕರ ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಊರಿಗೆ ಊರೇ ನೆರೆಯುತ್ತದೆ, ದೂರದರ್ಶನದ ಕ್ಯಾಮೆರಾಗಳೂ ಬರುತ್ತವೆ. ಬೆಂಗಳೂರಿನ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಅವರ ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಬೆಳಕು ವರ್ಷಕ್ಕೆ ಎರಡು ಸಲ ಬೀಳುತ್ತದೆ. ಒಮ್ಮೆ ನವೆಂಬರ್ ಕೊನೆ ಡಿಸೆಂಬರ್ ಮೊದಲಲ್ಲಿ, ಇನ್ನೊಮ್ಮೆ ಜನವರಿ ನಡುವೆ. ಯಾಕೆಂದರೆ ಡಿಸೆಂಬರ್ 21ರ ಸುಮಾರಿಗೆ ತೆಂಕಣದ ಕೊನೆ ಮುಟ್ಟಿ ತಿರುಗುವ ಸೂರ್ಯ, ಅಷ್ಟೇ ದಿನ ಮೊದಲೂ ಅಷ್ಟೇ ದಿನ ಆಮೇಲೂ ಆಕಾಶದ ಅದೇ ಹಾದಿಯಲ್ಲಿ ಇಳಿಯುತ್ತಾನೆ. ಮೊದಲನೆಯ ಸಲ ನೋಡಲು ಯಾರೂ ಬರುವುದಿಲ್ಲ. ಹಬ್ಬವಿಲ್ಲ, ಒಪ್ಪುತ್ತೇನೆ. ಅದರ ಜೊತೆಗೆ ಆ ದಿನಗಳು ಕೊಲ್ಲಿಯ ಕುಸಿತಗಳ ದಿನಗಳು, ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯವರು ಬಸವನಗುಡಿಯಲ್ಲಿ ಟಾರ್ಪಾಲು ಹೊದಿಸಿ ಕಾಯಿ ಕಾಪಾಡಿಕೊಳ್ಳುವ ದಿನಗಳು. ಸಂಜೆಯ ಸೂರ್ಯ ಮೋಡದ ಹಿಂದೆ ಮುಳುಗಿದರೆ ಕಿರಣ ಎಲ್ಲಿಂದ ಬರಬೇಕು? ಸಂಕ್ರಾಂತಿಯ ಹೊತ್ತಿಗೆ ಹಿಂಗಾರು ಮುಗಿದು ಆಕಾಶ ತೊಳೆದು ಇಟ್ಟಿರುತ್ತದೆ. ನಮ್ಮ ಹಿರಿಯರು ಹಬ್ಬಕ್ಕೆ ಎರಡನೆಯದನ್ನು ಆರಿಸಿಕೊಂಡದ್ದು ಪಂಚಾಂಗದ ಕಾರಣಕ್ಕೆ. ಆದರೂ ಹವಾಮಾನವೂ ಅದಕ್ಕೆ ತಲೆಯಾಡಿಸಿದೆ.

ಸಂಕ್ರಾಂತಿಯ ಮುಂಚಿನ ಧನುರ್ಮಾಸವೇ ಬರಿಯ ಆಕಾಶದ ಚಳಿಯ ಕಾಲ. ಬೆಳಗಿನ ಜಾವ ಗುಡಿಯ ಗಂಟೆ, ಮೆಣಸು ಶುಂಠಿ ಹಾಕಿದ ಹುಗ್ಗಿಯ ಹಬೆ, ಜಯನಗರದ ರಸ್ತೆಗಳ ಮೇಲೆ ರಾತ್ರಿ ಉದುರಿದ ಆಕಾಶಮಲ್ಲಿಗೆ. ಆ ಮಲ್ಲಿಗೆಯ ಉದ್ದ ತೊಟ್ಟಿನ ಬಿಳಿ ಹೂವನ್ನು ಗುಡಿಸುವ ಪೌರಕಾರ್ಮಿಕ ಹೆಂಗಸರು ಕಿವಿಗೆ ಟವೆಲು ಸುತ್ತಿಕೊಂಡಿರುತ್ತಾರೆ. ಸಾರಕ್ಕಿ ಕೆರೆಯ ಮೇಲೆ, ಮಡಿವಾಳ ಕೆರೆಯ ಮೇಲೆ ತೆಳುವಾದ ಹಬೆ ಏಳುತ್ತಿರುತ್ತದೆ. ನೀರು ಗಾಳಿಗಿಂತ ಬೆಚ್ಚಗಿರುವುದರಿಂದ ಹಾಗೆ. ದಂಡೆಯ ಕೆಸರಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆ ಹಿಮಾಲಯದ ತೊರೆಗಳಿಂದ ಚಳಿ ತಪ್ಪಿಸಿಕೊಳ್ಳಲು ಬಂದದ್ದು. ನಮ್ಮ ಚಳಿ ಅದಕ್ಕೆ ಬೇಸಿಗೆ.

ಇಂಥ ರಾತ್ರಿಗಳ ಬಗ್ಗೆ ಒಂದು ಸಂಗತಿಯಿದೆ, ಅದನ್ನು ಓದಿದಾಗಿನಿಂದ ನಾನು ನೆಲದತ್ತ ನೋಡುವ ರೀತಿಯೇ ಬೇರೆಯಾಗಿದೆ. ಗಾಳಿಯಾಡದ, ಮೋಡವಿಲ್ಲದ ರಾತ್ರಿಯಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ನೆಲವೇ, ಮೇಲೆ ಹೋದಂತೆ ಗಾಳಿ ಬೆಚ್ಚಗಾಗುತ್ತದೆ ಎಂದು ಪುಸ್ತಕಗಳು ಹೇಳುತ್ತಿದ್ದವು. ಸಿ.ವಿ. ರಾಮನ್ ಅವರ ಶಿಷ್ಯರಾದ ಎಲ್.ಎ. ರಾಮದಾಸ್ ಹವಾಮಾನ ಇಲಾಖೆಯಲ್ಲಿದ್ದಾಗ, ಆತ್ಮನಾಥನ್ ಅವರೊಡನೆ, 1932ರಲ್ಲಿ ಬೇರೆಯದೇ ವರದಿ ಮಾಡಿದರು. ಅವರ ಉಷ್ಣಮಾಪಕಗಳ ಪ್ರಕಾರ ತೀರಾ ತಣ್ಣಗಿರುವುದು ನೆಲದಿಂದ ಗೇಣೋ ಮೊಳವೋ ಮೇಲಿನ ಗಾಳಿ, ನೆಲವಲ್ಲ. ಅಳತೆಯಲ್ಲೇ ಏನೋ ತಪ್ಪಿರಬೇಕು ಎಂದು ಬಹಳ ಜನ ಅನುಮಾನಿಸಿದರು. ದಶಕಗಳು ಕಳೆದ ಮೇಲೆ ಅದು ನಿಜವೆಂದು ಒಪ್ಪಬೇಕಾಯಿತು. ಕಾರಣ ಹುಡುಕಿದವರು ಮತ್ತೆ ನಮ್ಮ ಊರಿನವರೇ. ರೊದ್ದಂ ನರಸಿಂಹ, ಜೆ. ಶ್ರೀನಿವಾಸನ್, ಎ.ಎಸ್. ವಾಸುದೇವಮೂರ್ತಿ ಅವರು 1993ರಲ್ಲಿ ಇದಕ್ಕೊಂದು ಸಿದ್ಧಾಂತ ಕೊಟ್ಟರು. ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗ ಮಾಡಿದವರು, ನೆಲಕ್ಕೆ ಹತ್ತಿರದ ಗಾಳಿಯಲ್ಲಿ ತೇಲುವ ದೂಳಿನ ಸೂಕ್ಷ್ಮ ಕಣಗಳು ಬಿಸಿಯನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುವುದೇ ಇದರ ಗುಟ್ಟು ಎಂಬತ್ತ ಬೆರಳು ತೋರಿಸಿದರು. ನರಸಿಂಹ ಅವರು ತೀರಿಕೊಂಡದ್ದೂ ಇಂಥದೇ ಒಂದು ಡಿಸೆಂಬರಿನಲ್ಲಿ, 2020ರಲ್ಲಿ. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಕನ್ನಡದಲ್ಲಿ ವಿಜ್ಞಾನ ಬರೆದವರು.

ಗೇಣು, ಮೊಳ. ಆ ಎತ್ತರದಲ್ಲಿ ರಾತ್ರಿ ಕಳೆಯುವವರು ಯಾರು ಎಂದು ಯೋಚಿಸುತ್ತೇನೆ. ಮಂಚದ ಮೇಲೆ ಮಲಗುವ ನಾನಂತೂ ಅಲ್ಲ. ಕಟ್ಟುತ್ತಿರುವ ಮನೆಯ ಮುಂದೆ ಶೀಟಿನ ಗುಡಿಸಲಲ್ಲಿ ಮಕ್ಕಳನ್ನು ಮಧ್ಯೆ ಹಾಕಿಕೊಂಡು ಚಾಪೆಯ ಮೇಲೆ ಮಲಗುವ ಕೆಲಸದವರು ಆ ಎತ್ತರದಲ್ಲಿದ್ದಾರೆ. ಬಿ.ಟಿ.ಎಂ. ಕಡೆಯ ಮೇಲ್ಸೇತುವೆಯ ಕೆಳಗೆ ರಟ್ಟು ಹಾಸಿಕೊಂಡವರು ಇದ್ದಾರೆ. ನರ್ಸರಿಯ ಎಳೆ ಸಸಿಗಳಿವೆ. ಬೀದಿನಾಯಿಗಳಿಗೆ ಈ ವಿಷಯ ರಾಮದಾಸರಿಗಿಂತ ಮೊದಲೇ ತಿಳಿದಿತ್ತೇನೋ. ಬೆಳಗಿನ ಜಾವ ಅವು ಆಗತಾನೆ ನಿಂತ ಕಾರಿನ ಬಾನೆಟ್ಟಿನ ಮೇಲೋ, ಮನೆಗೆಲಸಕ್ಕೆ ಸುರಿದ ಮರಳಿನ ಗುಡ್ಡೆಯಲ್ಲಿ ಗುಂಡಿ ತೋಡಿಕೊಂಡೋ ಮುದುಡಿರುತ್ತವೆ. ನಾಯಿಗೆ ಸಿಗುವಷ್ಟು ಸ್ವಾತಂತ್ರ್ಯ ಆ ಕೂಲಿಯವರಿಗಿಲ್ಲ. ಹವಾಮಾನ ಇಲಾಖೆಯ ಉಷ್ಣಮಾಪಕ ನೆಲದಿಂದ ನಾಲ್ಕಡಿ ಎತ್ತರದ ಬಿಳಿ ಪೆಟ್ಟಿಗೆಯಲ್ಲಿರುತ್ತದೆ. ಪತ್ರಿಕೆಯಲ್ಲಿ ನಾವು ಓದುವ ಕನಿಷ್ಠ ತಾಪಮಾನ ಆ ನಾಲ್ಕಡಿಯದು, ಮಲಗಿದವರದಲ್ಲ.

ಆ ಪೆಟ್ಟಿಗೆಯ ದಾಖಲೆಯಲ್ಲಿ ಬೆಂಗಳೂರಿನ ಅತಿ ಚಳಿಯ ದಿನ 1884ರ 13 ಜನವರಿ, 7.8 ಡಿಗ್ರಿ. ಅದಕ್ಕೆ ಹದಿನೈದು ದಿನ ಮೊದಲು, 1883ರ ಡಿಸೆಂಬರ್ 29ರಂದು, 8.9. ಆ ಚಳಿಗಾಲ ಹೇಗಿತ್ತೋ! ಆಗ ಜಯನಗರ ಇರಲಿಲ್ಲ, ಅದಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಸಿದ್ದಾಪುರ, ಭೈರಸಂದ್ರ, ಯಡಿಯೂರು, ಸಾರಕ್ಕಿ ಎಂಬ ಹಳ್ಳಿಗಳು, ನಡುವೆ ಹೊಲ, ಕೆರೆ, ತೋಪು. ಬೆಳಗ್ಗೆ ಸೌದೆ ಒಲೆಯ ಮುಂದೆ ಕೂತವರು ಏಳಲು ಮನಸ್ಸು ಮಾಡಿರಲಾರರು. ಇಂದಿನ ಕಾಂಕ್ರೀಟು, ಡಾಂಬರು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ಇರುಳೆಲ್ಲ ಬಿಡುತ್ತಿರುವಾಗ ಆ 7.8 ಮತ್ತೆ ಬಂದೀತೆಂದು ನನಗನಿಸುವುದಿಲ್ಲ. ಇಲಾಖೆಯ ನಿಯಮದ ಪ್ರಕಾರ ಬಯಲಿನ ಊರಿನಲ್ಲಿ ಶೀತಗಾಳಿ ಎನ್ನಬೇಕಾದರೆ ಕನಿಷ್ಠ ತಾಪಮಾನ 10ಕ್ಕೋ ಅದರ ಕೆಳಕ್ಕೋ ಇಳಿಯಬೇಕು, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆಯಿರಬೇಕು. ಕರಾವಳಿಗೆ ರಿಯಾಯಿತಿಯುಂಟು, ಅಲ್ಲಿ 15ಕ್ಕೆ ಇಳಿದರೂ ಸಾಕು. ಸರ್ಕಾರಿ ನಿಯಮಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಬಹಳ ಕಡಿಮೆ, ಇದು ಅವುಗಳಲ್ಲೊಂದು. ಯಾವ ಮೈಗೆ ಯಾವುದು ಚಳಿ ಎಂದು ಕೇಳಿ ಮಾಡಿದ ನಿಯಮ.

ಹಾಗಂತ ನಮ್ಮ ಕರಾವಳಿಗೆ ಆ ರಿಯಾಯಿತಿ ಬಳಸಿಕೊಳ್ಳುವ ಅವಕಾಶ ಬರುವುದು ಕಡಿಮೆ. ಅಣ್ಣ ಅತ್ತಿಗೆ ಸುರತ್ಕಲ್ಲಿನಲ್ಲಿದ್ದಾರೆ. ಡಿಸೆಂಬರಿನಲ್ಲಿ ಫೋನು ಮಾಡಿ ಇಲ್ಲಿಯ ಚಳಿ ಹೇಳಿಕೊಂಡರೆ ಅತ್ತಿಗೆ ರೇಗುತ್ತಾರೆ. "ನಿಮಗೆ ಅಲ್ಲಿ ಸ್ವೆಟರಂತೆ ಮಾರಾಯ್ತಿ, ಇಲ್ಲಿ ಮಧ್ಯಾಹ್ನ ನಾವು ಬೆಂದು ಹೋಗುವುದು!" ಉತ್ಪ್ರೇಕ್ಷೆಯಲ್ಲ. ಡಿಸೆಂಬರ್ ಜನವರಿಯ ಎಷ್ಟೋ ದಿನ ಇಡೀ ದೇಶದ ಗರಿಷ್ಠ ತಾಪಮಾನ ಪಣಂಬೂರಿನಲ್ಲೋ ಹೊನ್ನಾವರದಲ್ಲೋ ಕಾರವಾರದಲ್ಲೋ ದಾಖಲಾಗುವುದುಂಟು, ಮೂವತ್ತೈದರ ಆಚೆ ಈಚೆ. ಕಾರಣ ಮತ್ತೆ ಅದೇ ಮೂಡಣ ಗಾಳಿ. ಚೆನ್ನೈಯಲ್ಲಿ ಮಳೆ ಸುರಿಸಿ, ನಮ್ಮಲ್ಲಿ ಮಫ್ಲರು ಬಿಗಿಸಿ, ಒಣಗಿ ಹಗುರಾದ ಗಾಳಿ ಮುಂದೆ ಪಶ್ಚಿಮಘಟ್ಟದ ತುದಿಯಿಂದ ಕೆಳಕ್ಕೆ ಇಳಿಯುತ್ತದೆ. ಇಳಿಯುವ ಒಣಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿ. ಸಮುದ್ರದಿಂದ ಬರಬೇಕಾದ ತಂಗಾಳಿಯನ್ನೂ ಅದು ದಂಡೆಯಲ್ಲೇ ತಡೆದು, ಮಧ್ಯಾಹ್ನ ಕಳೆಯುವವರೆಗೆ ಒಳಗೆ ಬಿಡುವುದಿಲ್ಲ. ಒಂದೇ ಗೆರೆಯ ಮೇಲಿನ ಮೂರು ಊರು, ಒಂದೇ ಗಾಳಿ. ಒಬ್ಬರು ತೋಯುತ್ತಾರೆ, ಒಬ್ಬರು ನಡುಗುತ್ತಾರೆ, ಒಬ್ಬರು ಬೆವರುತ್ತಾರೆ. ಈ ಮೂರರಲ್ಲಿ ಯಾವುದು ಆ ಗಾಳಿಯ ನಿಜವಾದ ಗುಣ ಎಂದು ಕೇಳಿದರೆ ಉತ್ತರವಿಲ್ಲ. ಮನುಷ್ಯರ ವಿಷಯದಲ್ಲಿ ನಾವು ಇಂಥ ಉತ್ತರಗಳನ್ನು ಎಷ್ಟು ಬೇಗ ಕೊಟ್ಟುಬಿಡುತ್ತೇವೆ!

ಸಂಕ್ರಾಂತಿ ಕಳೆದ ಮೇಲೂ ಬೆಳಗ್ಗೆ ಬೇಗ ಬೆಳಕಾಗುವುದಿಲ್ಲ ಎಂದು ಪಾರ್ಕಿನಲ್ಲಿ ಒಬ್ಬರಾದರೂ ಗೊಣಗುತ್ತಾರೆ. ಗೊಣಗುವುದರಲ್ಲಿ ನ್ಯಾಯವಿದೆ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನ ಹಗಲು ತೀರಾ ಚಿಕ್ಕದು, ಸುಮಾರು 11 ಗಂಟೆ 20 ನಿಮಿಷ. ಅಲ್ಲಿಂದ ಹಗಲು ಹಿಗ್ಗುತ್ತದೆ, ಆದರೆ ಹಿಗ್ಗುವುದೆಲ್ಲ ಸಂಜೆಯ ಕಡೆಗೆ. ಸೂರ್ಯೋದಯ ಮಾತ್ರ ಜನವರಿ ಕೊನೆಯ ದಿನಗಳವರೆಗೆ ತಡವಾಗುತ್ತಲೇ ಹೋಗುತ್ತದೆ, ಆರೂ ಮುಕ್ಕಾಲರ ಆಸುಪಾಸಿಗೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ನೆಟ್ಟಗಿನ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಹೀಗಾಗಿ ಗಡಿಯಾರಕ್ಕೂ ಸೂರ್ಯನಿಗೂ ನಡುವೆ ನಿಮಿಷಗಳ ಏರುಪೇರು. ಉತ್ತರಾಯಣ ಬಂದರೂ ಬೆಳಗಿನ ವಾಯುವಿಹಾರದವರಿಗೆ ಅದರ ಫಲ ಕೈಸೇರಲು ರಥಸಪ್ತಮಿಯವರೆಗೆ ಕಾಯಬೇಕು. ಅಷ್ಟರಲ್ಲಿ ಎಕ್ಕದ ಎಲೆ ತಲೆ ಭುಜಗಳ ಮೇಲಿಟ್ಟು ಸ್ನಾನ ಮಾಡುವವರ ಮನೆಗಳಲ್ಲಿ, ಪಾರ್ಕುಗಳಲ್ಲಿ ಸೂರ್ಯನಮಸ್ಕಾರ ಹಾಕುವವರ ಗುಂಪುಗಳಲ್ಲಿ, ಸೂರ್ಯನಿಗೆ ಮತ್ತೆ ಬಿಸಿ ಏರಿರುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಡುತ್ತದೆ ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಮಾತು ಹಳೆಯದು. ಈಚೆಗೆ ಚಳಿ ಅಷ್ಟು ದಿನ ಕಾಯದೆ ಹೊರಟುಬಿಡುತ್ತಿದೆ.

ಮಾರ್ಚ್ ಏಪ್ರಿಲ್‌ಗಳಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಕರಾವಳಿಗೆ ಮಧ್ಯಾಹ್ನದ ಹೊತ್ತಿಗೆ ಅರಬ್ಬೀ ಸಮುದ್ರದ ತಂಗಾಳಿ ಸಲೀಸಾಗಿ ಸಿಗುತ್ತದೆ, ಕಲ್ಲಿನ ಮೇಲೆ ಕೂತ ನಾವು ಕಾಯುತ್ತೇವೆ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರು 38 ಡಿಗ್ರಿ ದಾಟಿದ ದಿನ ಅತ್ತಿಗೆಯೇ ಫೋನು ಮಾಡಿದರು. ಈ ಸಲ ರೇಗುವ ಸರದಿ ನನ್ನದು. ನೀರಿಲ್ಲ, ಕೊಳವೆಬಾವಿ ಬತ್ತಿದೆ, ಟ್ಯಾಂಕರಿನವನು ಎರಡು ದಿನ ಎನ್ನುತ್ತಾನೆ ಎಂದು ಎಲ್ಲ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ಒಂದು ವಾರ ಈಚೆ ಬಂದು ಹೋಗು ಮಾರಾಯ್ತಿ. ಸ್ವೆಟರ್ ತರುವುದು ಬೇಡ."